ದೋಣಿ ಭತ್ತ

ಹೊಳೆ ತುಂಬಿ ಹರಿದರೆ ಅಂಬಿಗನನ್ನು ಕೂಗಬಹುದು, ರಸ್ತೆ ತುಂಬಿ ಹರಿದರೆ ಯಾರನ್ನು ಕೂಗುವುದು ಎಂದು ಮಂಜಿ ಕೇಳಿದಾಗ ಮನೆಯವರೆಲ್ಲ ನಕ್ಕಿದ್ದರು. ಸೊಸೆ ಉಮಾ ಕೂಡ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ಆ ನಗೆಯನ್ನು ನುಂಗಿಕೊಳ್ಳಲು ಅವಳಿಗೆ ಒಂದು ಕೊಯ್ಲು ಮುಗಿಯುವಷ್ಟು ಕಾಲ ಬೇಕಾಯಿತು.

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಿಂದ ಒಂದು ರಸ್ತೆ ಬಂದರಿನತ್ತ ಕವಲೊಡೆಯುತ್ತದೆ. ಕವಲಿನಿಂದ ಕೂಗಳತೆಯ ದೂರದಲ್ಲಿ ಅವರ ಕೇರಿ. ಮನೆಗಳೆಲ್ಲ ರಸ್ತೆಯ ಈಚೆ, ಗದ್ದೆಗಳೆಲ್ಲ ಆಚೆ. ಹಿರಿಯರು ಮನೆ ಕಟ್ಟಿದ ಕಾಲಕ್ಕೆ ಅದು ಎತ್ತಿನಗಾಡಿಯ ಜಾಡಾಗಿತ್ತು, ದಾಟುವುದೆಂದರೆ ಅಂಗಳ ದಾಟಿದ ಹಾಗೆ. ಘಟ್ಟದ ಮೇಲಿಂದ ಅದಿರಿನ ಲಾರಿಗಳು ಇಳಿಯತೊಡಗಿದ ಮೇಲೆ ಜಾಡು ಅಗಲವಾಯಿತು, ಟಾರು ಕಂಡಿತು, ಕೊನೆಗೆ ಕೆಂಪಾಯಿತು. ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಲ್ಲುತ್ತಿದ್ದವು. ಸಾಲು ಬಂದರಿನಿಂದ ಹೊರಟು ಕೇರಿ ದಾಟಿ ಹೆದ್ದಾರಿಗೇರಿ ಎಲ್ಲಿ ಮುಗಿಯಿತೆಂದು ಹೇಳುವವರಿರಲಿಲ್ಲ.

ಉಮಾ ಕಾರವಾರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಮಾಡುತ್ತಿದ್ದಳು. ನೆಲ ಒರೆಸಿ, ಚಾದರ ಒಗೆದು, ಸಂಜೆ ಬಸ್ಸು ಹತ್ತಿದರೆ ಬಸ್ಸು ಅರ್ಗಾ ದಾಟುವಷ್ಟರಲ್ಲಿ ನಿಂತೇಬಿಡುತ್ತಿತ್ತು. ಅಲ್ಲಿಂದ ತೂಕಡಿಸಿ, ಎಚ್ಚೆತ್ತು, ಮತ್ತೆ ತೂಕಡಿಸಿ, ಕಡೆಯ ತುಂಡು ದಾರಿ ನಡೆದೇ ಮನೆ ಸೇರಬೇಕು. ಅಷ್ಟರಲ್ಲಿ ಮಂಜಿ ಗಂಜಿ ಇಳಿಸಿ, ತಾರ್ಲೆ ಮೀನು ಹುರಿದು, ಮೊಮ್ಮಗಳು ರಕ್ಷಿತಾಳನ್ನು ಮಲಗಿಸಿರುತ್ತಿದ್ದಳು. ಮಗಳ ಎಚ್ಚರದ ಮುಖ ಉಮಾ ನೋಡುತ್ತಿದ್ದುದು ಭಾನುವಾರ ಮಾತ್ರ.

ಹಿಂದಿನ ಮಳೆಗಾಲದಲ್ಲಿ ಹಾಗೆ ನಡೆದು ಬರುವಾಗ ಸಾಲಿನ ನಡುವೆ ಸಿಕ್ಕಿಬಿದ್ದ ಜೀಪೊಂದರಲ್ಲಿ ಅವಳ ಕೇರಿಯವಳೇ ಆದ ದುರ್ಗಾ ಹೆರಿಗೆ ನೋವಿನಿಂದ ಒರಲುತ್ತಿದ್ದಳು. ಉಮಾ ಜೀಪು ಹತ್ತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಜೀಪು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕೂಸು ಅಲ್ಲೇ ಹುಟ್ಟಿತು, ಅಳಲಿಲ್ಲ. ಅದನ್ನು ತನ್ನ ಸೆರಗಿನಲ್ಲಿ ಸುತ್ತಿದವಳು ಉಮಾ. ಅಂದಿನಿಂದ ನಿಂತ ಲಾರಿ ಕಂಡರೆ ಅವಳು ಮುಖ ತಿರುಗಿಸಿ ನಡೆಯುತ್ತಿದ್ದಳು.

ಮಂಜಿಗೆ ಮಾತ್ರ ನಿಂತ ಲಾರಿಯ ತಂಟೆ ಇರಲಿಲ್ಲ. ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಹುಲ್ಲಿನ ಹೊರೆ ಹೊತ್ತು, ಹಸುವಿನ ಹಗ್ಗ ಹಿಡಿದು ದಾಟಿಬಿಡುತ್ತಿದ್ದಳು. ಕ್ಲೀನರ್ ಹುಡುಗರು "ಅಜ್ಜಿ, ನಿಧಾನ" ಎಂದು ಹೊರೆಗೆ ಕೈ ಕೊಡುತ್ತಿದ್ದರು.

ಆ ವರ್ಷ ಮಳೆ ಹಿಂದೆ ಸರಿದ ಮೇಲೆ ಕವಲಿನಲ್ಲಿ ಗೇಟು ಎದ್ದಿತು. ತಗಡಿನ ಮಾಡು, ರಸ್ತೆಗೆ ಅಡ್ಡ ಬೀಳುವ ಕೆಂಪು ಬಿಳಿ ಪಟ್ಟೆಯ ದಂಡ, ಗಾಜಿನ ಗೂಡು. ಅಷ್ಟು ದಿನ ಬಂದರಿನಲ್ಲಿ ಅದಿರು ತುಂಬುವ ಕೂಲಿ ಮಾಡುತ್ತಿದ್ದ ದೇವನಿಗೆ, ಅಂದರೆ ಉಮಾಳ ಗಂಡನಿಗೆ, ಆ ಗೂಡಿನಲ್ಲಿ ಕೆಲಸ ಸಿಕ್ಕಿತು. ನೀಲಿ ಅಂಗಿ ಕೊಟ್ಟರು. ಮೊದಲ ದಿನ ಊಟಕ್ಕೂ ಅದನ್ನು ಬಿಚ್ಚದೆ ಕುಳಿತ.

"ಲಾರಿಯ ಗಾಜಿಗೆ ಒಂದು ಕಾರ್ಡು ಅಂಟ್ಸಿರ್ತದೆ ಅವ್ವೆ. ಮಾಡಿನ ಮೇಲಿನ ಯಂತ್ರ ಅದ್ನ ನೋಡ್ತದೆ. ದುಡ್ಡು ತಾನೇ ಮುರ್ಕಂತದೆ, ದಂಡ ತಾನೇ ಏಳ್ತದೆ. ಲಾರಿ ನಿಲ್ಲೂದೇ ಬೇಡ."

"ಎಲ್ಲಾ ತಾನೇ ಆಗೂದಾದ್ರೆ ನೀ ಎಂತಕೆ ಅಲ್ಲಿ? ದಂಡಕ್ಕೆ ದೃಷ್ಟಿ ತೆಗೀಲಿಕ್ಕಾ?" ಎಂದಳು ಮಂಜಿ.

ರಕ್ಷಿತಾ ಕಿಲಕಿಲ ನಕ್ಕಳು. ದೇವನೂ ನಕ್ಕ. "ಕಾರ್ಡು ಕೆಟ್ಟಿದ್ರೆ ನೋಡೂಕೆ ಜನ ಬೇಕಲ್ಲ. ಒಂದು ಕೆಂಪು ಗುಂಡಿ ಉಂಟು. ಬೆಂಕಿ ಬಿತ್ತು, ಲಾರಿ ಮಗುಚ್ತು ಅಂತಾದ್ರೆ ಅದ್ನ ಒತ್ತೂದು. ದಂಡ ಬಿದ್ದಲ್ಲೇ ಬಿದ್ದಿರ್ತದೆ. ಆದ್ರೆ ಎಂತಕೆ ಒತ್ತಿದೆ ಅಂತ ಸಾಹೇಬ್ರಿಗೆ ಉತ್ತರ ಕೊಡ್ಬೇಕು."

"ದುಡ್ಡು ಕೊಟ್ರೆ ಸಾಲು ಹ್ಯಾಗೆ ಕರಗ್ತದೆ?" ಉಮಾ ಕೇಳಿದಳು.

"ಶಾಲೆ ಆಫೀಸಿನ ಹೊತ್ತು, ಬಸ್ಸಿನ ಹೊತ್ತು, ಆಗ ದರ ಮೂರು ಪಟ್ಟು. ದೀಪ ಹಚ್ಚೂ ಹೊತ್ತಿಗೆ ದರ ಇಳೀತದೆ. ಬೆಳಗಾಗೂ ಮುಂಚೆ ಇನ್ನೂ ಅಗ್ಗ. ಹಂಗಾಗಿ ಎಲ್ರೂ ಒಟ್ಟಿಗೆ ಬಂದು ಬೀಳೂದಿಲ್ಲ."

ಮಂಜಿ ಗಂಜಿಯ ತಟ್ಟೆಯಲ್ಲಿ ಬೆರಳಾಡಿಸಿದಳು. ಆಮೇಲೆ, "ಉದ್ದಕ್ಕೆ ಹೋಗೂಕೆ ಇಷ್ಟು ದರ. ಅಡ್ಡ ದಾಟೂಕೆ ಎಷ್ಟು?" ಎಂದಳು.

"ದಾಟೂಕೆ ದರ ಇಲ್ಲ ಅವ್ವೆ. ಅದು ಪುಕ್ಕಟೆ."

"ಪುಕ್ಕಟೆ ಅಂದ್ರೆ ಯಾರೂ ದಾಟ್ಸೂದಿಲ್ಲ ಅಂತಾಯ್ತು." ಆಗಲೇ ಅವಳು ಹೊಳೆಯ ಆ ಮಾತು ಆಡಿದ್ದು, ಉಳಿದವರು ನಕ್ಕಿದ್ದು.

ಯಂತ್ರ ಸುಳ್ಳು ಹೇಳಲಿಲ್ಲ. ವಾರದೊಳಗೆ ಸಾಲು ಕರಗಿತು. ಉಮಾ ದೀಪ ಹಚ್ಚುವ ಹೊತ್ತಿಗೆ ಮನೆ ಸೇರತೊಡಗಿದಳು. ತುಳಸಿಯ ಮುಂದೆ ತಾನೇ ದೀಪವಿಟ್ಟು, ಮಗಳ ತಲೆ ಬಾಚಿ, ಮಸಾಲೆ ಅರೆದು ಬಂಗಡೆಯ ಸಾರು ಮಾಡುವಷ್ಟು ಹೊತ್ತು ಅವಳ ಪಾಲಿಗೆ ಬಂತು. "ಬಸ್ಸು ಹಾರ್ಕಂಡೇ ಬಂತು ನೋಡು" ಎಂದು ದಿನಕ್ಕೊಮ್ಮೆಯಾದರೂ ಹೇಳುವಳು. ಗಂಡನ ನೀಲಿ ಅಂಗಿಯನ್ನು ತಾನೇ ಒಗೆದು, ಗಂಜಿ ಹಾಕಿ ಒಣಗಿಸುವಳು.

ಒಂದು ಸಂಜೆ ಅವಳು ಬಂದಾಗ, ಕೆಲವು ದಿನಗಳಿಂದ ಆಗುತ್ತಿದ್ದ ಹಾಗೆ, ಮಂಜಿ ಮನೆಯಲ್ಲಿರಲಿಲ್ಲ. ಒಲೆ ತಣ್ಣಗಿತ್ತು. ಹುಡುಕಿಕೊಂಡು ಉಮಾ ರಸ್ತೆಗೆ ಬಂದಳು. ಆಚೆ ಬದಿಯಲ್ಲಿ ಅತ್ತೆ ನಿಂತಿದ್ದಳು. ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಹಸುವಿನ ಹಗ್ಗ. ನಡುವೆ ಲಾರಿಗಳು ಹರಿಯುತ್ತಿದ್ದವು. ದರ ಇಳಿಯಲೆಂದು ಎಲ್ಲೆಲ್ಲೋ ಕಾದು ಕುಳಿತವೆಲ್ಲ ಒಂದೇ ಸಮನೆ, ದಂಡದ ಕೆಳಗೆ ನಿಲ್ಲದೆ ನುಗ್ಗಿ ಬರುತ್ತಿದ್ದವು. ಒಂದು ಲಾರಿ ದಾಟಿದರೆ ಅತ್ತೆ ಕಂಡಳು, ಮತ್ತೊಂದು ಬಂದರೆ ಮಾಯವಾದಳು. ಉಮಾ ಕೈ ಬೀಸಿದಳು. ಮಂಜಿ ನೋಡಿದಳೋ ಇಲ್ಲವೋ. ಹಸು ಗಾಬರಿಯಿಂದ ಹಿಂದೆ ಹಿಂದೆ ಜಗ್ಗುತ್ತಿತ್ತು.

ಸಂದು ಸಿಕ್ಕಿ ಅವಳು ಈಚೆ ಬಂದಾಗ ಎದುರಿಗಿದ್ದವರ ಮುಖ ಕಾಣದಷ್ಟು ಕತ್ತಲಾಗಿತ್ತು.

"ದಿನಾ ಹಿಂಗೇನಾ ಅತ್ತೆ?"

"ಇಲ್ಲ ಮಗಾ. ಇವತ್ತು ಬೇಗ ಸಿಕ್ತು."

ದೇವ ಬಂದ ಮೇಲೆ ಮಾತು ಬೆಳೆಯಿತು. "ದೀಪ ಹಚ್ಚೂ ಮುಂಚೆ ಬಂದ್ಬಿಡು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಆಗ ಲಾರಿ ಕಡಮೆ" ಎಂದ ಅವನು.

"ಹಸುವಿನ ಕೊರಳಿಗೆ ಗಡಿಯಾರ ಕಟ್ಲಾ? ಭತ್ತ ಹಾಲು ತುಂಬಿದೆ, ಗಿಳಿ ಕಾಯಬೇಕು. ಗಿಳಿ ಮನಿಗೆ ಹೋದ ಮೇಲಲ್ವಾ ನಾ ಬರೂದು."

"ಹಂಗಾರೆ ಮೋರಿ ಕಡೆಯಿಂದ ಸುತ್ತಾಕಿ ಬಾ."

"ಮೋರಿಯಲ್ಲಿ ಸೊಂಟದ ಮಟ ಕೆಸರು. ನೀ ಸಣ್ಣವನಿದ್ದಾಗ ಹೊತ್ಕಂಡು ಬತ್ತಿದ್ದೆ. ಈಗ ನೀ ಹೊತ್ಕಂತ್ಯಾ ನನ್ನ?"

"ಈ ಬೆಳೆ ಮುಗಿದ್ಮೇಲೆ ಗದ್ದೆ ಬಿಟ್ಬಿಡು ಅವ್ವೆ. ಇಬ್ರು ದುಡೀತೇವೆ. ಅಕ್ಕಿ ಅಂಗಡಿಲಿ ಸಿಕ್ತದೆ."

"ಅಂಗಡಿಯವ ಎಲ್ಲಿಂದ ತತ್ತಾ?" ಎಂದಳು ಮಂಜಿ.

ಉಮಾಳಿಗೆ ಏಕೋ ತಡೆಯಲಾಗಲಿಲ್ಲ. ಹೊಸದಾಗಿ ಕೈಗೆ ಬಂದ ಸಂಜೆಯನ್ನು ಯಾರೋ ಕಸಿಯಲು ಬಂದಂತೆ ಅವಳ ದನಿ ಏರಿತು. "ನಿಮ್ಮ ಒಂದು ಗದ್ದೆಗೋಸ್ಕರ ಮತ್ತೆ ಲಾರಿ ಸಾಲು ನಿಲ್ಬೇಕಾ ಅತ್ತೆ? ದುರ್ಗಾಳ ಕೂಸು ನನ್ನ ಸೆರಗಲ್ಲಿ ತಣ್ಣಗಾದದ್ದು ಮರೆತುಹೋಯ್ತಾ?"

ಮಂಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಆ ಕೂಸಿಗೆ ಹೊಂಡ ತೋಡಿದವಳು ನಾನು" ಎಂದಳು ಮೆಲ್ಲಗೆ. "ಸಾಲು ಬೇಕು ಅಂತ ನಾ ಎಲ್ಲಿ ಹೇಳ್ದೆ? ದಾಟ್ಸೂಕೆ ಒಬ್ಬ ಬೇಕು ಅಂದೆ." ಎದ್ದು ಕೈತೊಳೆದು ಹೊರಗೆ ಹೋದಳು. ಅವಳ ತಟ್ಟೆಯ ಗಂಜಿಯನ್ನು ಉಮಾ ಹಸುವಿನ ಕಲಗಚ್ಚಿಗೆ ಸುರಿದಳು. ಆ ದಿನ ಬಂಗಡೆಯ ಸಾರು ಯಾರಿಗೂ ರುಚಿಸಲಿಲ್ಲ.

ಭತ್ತ ಹಣ್ಣಾಯಿತು. ಮಂಜಿ ದುರ್ಗಾಳನ್ನೂ ನೆರೆಮನೆಯ ಕಾಶಿಯನ್ನೂ ಕೊಯ್ಲಿಗೆ ಕರೆದಳು. ಉಮಾಳಿಗೆ ಅಂದು ರಜೆ, ಅವಳೂ ಸೊಂಟಕ್ಕೆ ಸೆರಗು ಬಿಗಿದು ಕತ್ತಿ ಹಿಡಿದಳು. ಕೊಯ್ದು ಹರವಿದ ತೆನೆ ಬಿಸಿಲಿಗೆ ಚೆನ್ನಾಗಿ ಒಣಗಿತು. ಆದರೆ ಹೊತ್ತು ಇಳಿಯುವಾಗ ಕಡಲಿನ ಕಡೆಯಿಂದ ಮೋಡ ಎದ್ದಿತು. ಅಕಾಲದ ಮೋಡ. ಸೂಡಿ ಕಟ್ಟಿ ಈಚೆಯ ಕಣಕ್ಕೆ ಸಾಗಿಸದಿದ್ದರೆ ಇಡೀ ಬೆಳೆ ಗದ್ದೆಯಲ್ಲೇ ಮೊಳಕೆಯೊಡೆದೀತು.

ಹೊರೆಗಳನ್ನು ಹೊತ್ತು ನಾಲ್ವರೂ ರಸ್ತೆಯ ಅಂಚಿಗೆ ಬಂದಾಗ ದರ ಇಳಿದಿತ್ತು.

"ನಾ ದಾಟೂದಿಲ್ಲ ಮಂಜಕ್ಕ" ಎಂದಳು ಕಾಶಿ. "ಹೊರೆ ಕಣ್ಣಿಗೆ ಅಡ್ಡ ಬತ್ತದೆ. ಬದಿ ಕಾಣೂದಿಲ್ಲ."

ದುರ್ಗಾ ಹೊರೆ ಇಳಿಸಿ ಅದರ ಮೇಲೆ ಕೈಯಿಟ್ಟು ನಿಂತಳು. ಮೊದಲ ಹನಿಗಳು ಟಾರಿನ ಮೇಲೆ ಬಿದ್ದು ಕೆಂಪು ಚುಕ್ಕೆಗಳಾದವು.

"ಅತ್ತೆ, ತಡೀರಿ" ಎಂದು ಉಮಾ ಅನ್ನುವಷ್ಟರಲ್ಲಿ ಮಂಜಿ ಇಳಿದೇಬಿಟ್ಟಿದ್ದಳು. ಮೊದಲ ಲಾರಿಯನ್ನು ಹೋಗಗೊಟ್ಟಳು. ಎರಡನೆಯದು ಬಲು ಹತ್ತಿರ ಬಂತು. ಅದರ ಗಾಳಿ ತಲೆಯ ಹೊರೆಯನ್ನು ಹಿಡಿದು ತಿರುವಿತು. ಮಂಜಿ ಅಂಚಿಗೆ ಬಿದ್ದಳು, ಹೊರೆ ನಡುರಸ್ತೆಗೆ ಬಿತ್ತು. ಮೂರನೆಯ ಲಾರಿ ಅದರ ಮೇಲೆ ಹೋಯಿತು. ನಾಲ್ಕನೆಯದೂ ಹೋಯಿತು. ಅವು ನಿಲ್ಲುವಂತಿರಲಿಲ್ಲ, ಹಿಂದಿನದು ಮುಂದಿನದನ್ನು ತಳ್ಳುತ್ತಿತ್ತು.

ಕೈಗಂಟು ಉಳುಕಿತ್ತು, ಅಷ್ಟೇ. ದೇವರು ದೊಡ್ಡವನು ಎಂದರು ಕೇರಿಯವರು. ಮಂಜಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಟಾರಿನ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು, ಅದಿರಿನ ರಾಡಿಯಲ್ಲಿ ನುಗ್ಗಾದ ಕಾಳುಗಳನ್ನು ಎಡಗೈಯಿಂದ ಆರಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಮೆಟ್ಟಬಾರದ್ದನ್ನು ಮೆಟ್ಟಿದರೆ ಕಾಲಿಗೆ ನಮಸ್ಕಾರವಿಲ್ಲ, ಕಾಳಿಗೇ ನಮಸ್ಕಾರ ಎಂದು ಅವಳ ತಾಯಿ ಕಲಿಸಿದ್ದಳು. ಉಮಾ ಪಕ್ಕದಲ್ಲಿ ಕುಳಿತು ತಾನೂ ಆರಿಸತೊಡಗಿದಳು. ಮಳೆ ಹೆಚ್ಚು ಬರಲಿಲ್ಲ. ಉಳಿದ ಸೂಡಿಗಳನ್ನು ತಾಳೆಗರಿ ಹೊದಿಸಿ ಗದ್ದೆಯಲ್ಲೇ ಬಿಟ್ಟು, ಮರುದಿನದಿಂದ ಬಿಸಿಲಿನ ಹೊತ್ತು ನೋಡಿ ಒಂದೊಂದೇ ಹೊರೆ ಸಾಗಿಸಿದರು.

ದೇವ ವಿಷಯ ತಿಳಿದು ಬಂದಾಗ ತಾಯಿಯ ಕೈಗೆ ಉಮಾ ಅರಿಸಿನದ ಪಟ್ಟು ಕಟ್ಟುತ್ತಿದ್ದಳು.

"ಗುಂಡಿ ಒತ್ತೂಕಾಗ್ತಿರ್ಲಿಲ್ವಾ?" ಎಂದು ಕೇಳಿದಳು ಉಮಾ.

"ಗೂಡಿನಿಂದ ಇಲ್ಲಿ ಎಂತ ಆಗ್ತದೆ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ಯಾರಾದ್ರೂ ಕೂಗಿದ್ರಾ?"

ಮಂಜಿ ತಲೆಯೆತ್ತಿ ಮಗನನ್ನು ನೋಡಿದಳು.

ಕೇರಿಯ ಹಿಂದಿನ ಹೊಳೆಗೆ ಸೇತುವೆ ಬರುವ ಮುಂಚೆ ಅಲ್ಲೊಂದು ದೋಣಿಯ ಕಡವಿತ್ತು, ಮಾದನೆಂಬ ಅಂಬಿಗನಿದ್ದ. ಅವನು ಕೇರಿಯವರಿಂದ ದಿನದ ಕಾಸು ಮುಟ್ಟುತ್ತಿರಲಿಲ್ಲ. ಕೊಯ್ಲು ಮುಗಿದ ಮೇಲೆ ಪ್ರತಿ ಮನೆಯವರೂ ಅವನಿಗೆ ಒಂದು ಕೊಳಗ ಹೊಸ ಭತ್ತ ಅಳೆಯುತ್ತಿದ್ದರು. ಅದಕ್ಕೆ ದೋಣಿ ಭತ್ತವೆಂದು ಹೆಸರು. ಮಾದ ಆ ಭತ್ತ ಮುಟ್ಟಿದನೆಂದರೆ ಮುಗಿಯಿತು. ಆ ಮನೆಯವರು ಯಾವ ಹೊತ್ತಿನಲ್ಲಿ ದಡದಲ್ಲಿ ನಿಂತು "ಕೂ" ಎಂದರೂ ವರ್ಷವಿಡೀ ಅವನು ಬರಲೇಬೇಕು. ಬುಟ್ಟಿಯನ್ನು ಬರಿದು ಮಾಡಿಯೂ ಅವನು ಕಳಿಸುತ್ತಿರಲಿಲ್ಲ. ಕೊಟ್ಟ ಮನೆ ಬರಿದಾಗಬಾರದೆಂದು ತಳದಲ್ಲಿ ಒಂದು ಹಿಡಿ ಉಳಿಸಿ ಮರಳಿಸುತ್ತಿದ್ದ. ದೇವ ಐದು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದ. ಹೊಳೆ ದಡ ಮೀರಿತ್ತು. ಮಂಜಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತು ಕೂಗಿದಳು. ಮರದ ದಿಮ್ಮಿಗಳು ತೇಲಿ ಬರುವ ನೀರಿನಲ್ಲಿ ಮಾದ ಬಂದ.

ಈ ಕಥೆಯನ್ನು ಮಂಜಿ ಸೊಸೆಗೆ ಹೇಳಿದ್ದು ಭತ್ತ ಬಡಿದು ತೂರಿ ಮುಗಿಸಿದ ಬೆಳಿಗ್ಗೆ, ಕೊಳಗಕ್ಕೆ ಕಾಳು ತುಂಬುತ್ತ. ಉಳುಕಿದ ಕೈ ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ. ಮಟ್ಟ ಮಾಡಿದ ಮೇಲೂ ಒಂದು ಹಿಡಿ ಮೇಲೆ ಸುರಿದಳು.

"ಬುಟ್ಟಿ ಎತ್ತಿ ಕೊಡು."

"ಎಲ್ಲಿಗೆ ಅತ್ತೆ?"

"ಅಂಬಿಗನ ಹತ್ರ."

ಉಮಾ ಬುಟ್ಟಿಯನ್ನು ತಾನೇ ಹೊತ್ತಳು. ಆ ದಿನದ ಬಸ್ಸು ತಪ್ಪುತ್ತದೆಂದು ಗೊತ್ತಿದ್ದೂ ಹೊತ್ತಳು.

ಗೂಡಿನ ಮುಂದೆ ಬುಟ್ಟಿ ಇಳಿದಾಗ ದೇವ ಎದ್ದು ನಿಂತ. ಬಂದರಿನ ಕಡೆಯ ಸಾಹೇಬ, ಕಾರವಾರದ ರೂಪೇಶ ಎಂಬ ತರುಣ, ಅಲ್ಲೇ ಚಹಾ ಕುಡಿಯುತ್ತಿದ್ದ.

"ಎಂತ ಅವ್ವೆ ಇದು?"

"ದೋಣಿ ಭತ್ತ. ಹೊಸತು. ಮುಟ್ಟು."

ದೇವನ ಮುಖದ ಬಣ್ಣ ಇಳಿಯಿತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ರೂಪೇಶ ಅದೇನೆಂದು ಕೇಳಿ ತಿಳಿದುಕೊಂಡ. ನಕ್ಕನಾದರೂ ಕೆಟ್ಟ ನಗೆಯಲ್ಲ. "ಆಯೀ, ನಿಮ್ಮ ಭತ್ತ ಈ ಯಂತ್ರಕ್ಕೆ ತಿಳಿಯೂದಿಲ್ಲ."

"ಯಂತ್ರಕ್ಕೆ ಕೊಡ್ಲಿಲ್ಲ ತಮ್ಮಾ. ಲಾರಿಯವರು ಉದ್ದಕ್ಕೆ ಹೋಗೂಕೆ ನಿಮಗೆ ಕೊಡ್ತ್ರು. ನಾನು ಅಡ್ಡ ದಾಟೂಕೆ ಇವನಿಗೆ ಕೊಡ್ತೆ. ಪುಕ್ಕಟೆ ಬೇಡ ನಂಗೆ."

"ನಿಲ್ಲಬಾರದು ಅಂತಲೇ ಅವರು ದುಡ್ಡು ಕಟ್ಟೂದು ಆಯೀ. ದಂಡ ತಡೆದರೆ ಲಾರಿ ಹೆದ್ದಾರಿಗೆ ನಿಲ್ತದೆ. ಹಿಂದೆ ಬಸ್ಸು ನಿಲ್ತದೆ. ಬಸ್ಸಲ್ಲಿ ನಿಮ್ಮ ಸೊಸೆಯೇ ಇರ್ತಾರೆ. ಕೇಳಿ ಅವರನ್ನೇ."

ಎಲ್ಲರೂ ಉಮಾಳನ್ನು ನೋಡಿದರು. ತುಳಸಿಯ ಮುಂದೆ ತಾನೇ ಇಟ್ಟ ದೀಪ, ಬಾಚಿದ ಮಗಳ ತಲೆ, ಜೀಪು, ಸೆರಗಿನಲ್ಲಿ ತಣ್ಣಗಾದ ಕೂಸು, ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂತು.

"ಆಸ್ಪತ್ರೆಗೆ ಹೋಗೂ ಗಾಡಿ ಇದ್ರೆ ಅತ್ತೆ ಕಾಯ್ತ್ರು" ಎಂದಳು ಅವಳು. "ಇಲ್ದಿದ್ರೆ ಒಬ್ಬ ಮುದುಕಿ ದಾಟೂವಷ್ಟು ಹೊತ್ತು ನಾನು ಬಸ್ಸಲ್ಲಿ ಕೂತಿರ್ತೆ ಸಾಹೇಬ್ರೆ. ಅದ್ರಲ್ಲಿ ನಂಗೇನೂ ನಷ್ಟ ಇಲ್ಲ."

"ನಿಮಗಿಲ್ಲ. ಉತ್ತರ ಕೊಡೂದು ನಾನು" ಎಂದ ರೂಪೇಶ. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಅರ್ಧ ಉಳಿದ ಚಹಾ ಚೆಲ್ಲಿ ಜೀಪು ಹತ್ತಿದ.

"ಮನಿಗೆ ಹೋಗು ಅವ್ವೆ. ಬುಟ್ಟಿ ತಕ್ಕಂಡು ಹೋಗು" ಎಂದ ದೇವ.

ಮಂಜಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದಳು.

ಉಮಾ ಮುಂದಿನ ಬಸ್ಸಿಗೆ ಕಾರವಾರಕ್ಕೆ ಹೋದಳು, ತಡವಾದದ್ದಕ್ಕೆ ಸಿಸ್ಟರಮ್ಮನಿಂದ ಬೈಸಿಕೊಂಡಳು. ಸಂಜೆ ಬಸ್ಸಿಳಿದವಳು ಗೂಡಿನ ಕಡೆ ಕಣ್ಣೆತ್ತದೆ ನೇರ ಕೇರಿಯ ರಸ್ತೆಗೆ ಬಂದಳು. ಆಚೆ ಬದಿಯಲ್ಲಿ ಅತ್ತೆ, ಹಸು, ಹುಲ್ಲಿನ ಹೊರೆ. ನಡುವೆ ಲಾರಿಗಳ ಹರಿವು. ಮಂಜಿ ಹೊರೆಯನ್ನು ಕೆಳಗಿಳಿಸಿದಳು. ಅಂಗೈಗಳೆರಡನ್ನೂ ಬಾಯಿಯ ಸುತ್ತ ಹಿಡಿದಳು.

"ಕೂ..."

ಆ ಕೂಗನ್ನು ಉಮಾ ಎಂದೂ ಕೇಳಿರಲಿಲ್ಲ. ಹೆಣ್ಣಿನ ದನಿಯೂ ಅಲ್ಲ, ಹಕ್ಕಿಯ ದನಿಯೂ ಅಲ್ಲ, ನೀರಿನ ಮೇಲೆ ಜಾರಿ ಹೋಗಲೆಂದೇ ಹುಟ್ಟಿದ ಕೂಗು. ಲಾರಿಗಳ ಸದ್ದಿನಲ್ಲಿ ಅದು ಮುಳುಗಿತು. ಲಾರಿಗಳು ಬಂದೇ ಬಂದವು. ಮಂಜಿ ಇನ್ನೊಮ್ಮೆ ಉಸಿರು ತುಂಬಿಕೊಂಡು ಕೂಗಿದಳು. ಈಚೆ ದಡದಲ್ಲಿ ಉಮಾ ಅರಿವಿಲ್ಲದೆಯೇ ಕೈ ಮುಗಿದು ನಿಂತಿದ್ದಳು, ಯಾರಿಗೆ ಎಂದು ಅವಳಿಗೂ ತಿಳಿಯದು.

ಒಂದು ಲಾರಿ ದಾಟಿತು. ಇನ್ನೊಂದು ದಾಟಿತು. ಅದರ ಹಿಂದೆ ಇನ್ನೊಂದು ಬರಲಿಲ್ಲ.

ಉಮಾ ಕವಲಿನತ್ತ ನೋಡಿದಳು. ಕೆಂಪು ಬಿಳಿ ದಂಡ ಅಡ್ಡಕ್ಕೆ ಮಲಗಿತ್ತು. ಅದರ ಆಚೆ ದೀಪಗಳು ಗುಂಪುಗೂಡುತ್ತಿದ್ದವು, ಹಾರ್ನುಗಳು ಒದರುತ್ತಿದ್ದವು. ಈಚೆಗೆ ರಸ್ತೆ ಬರಿದಾಗಿ, ಸಂಜೆಯ ಬೆಳಕಿನಲ್ಲಿ ಇಳಿತದ ಹೊಳೆಯ ಹಾಗೆ ಬಿದ್ದುಕೊಂಡಿತ್ತು. ಮಂಜಿ ಹೊರೆ ಎತ್ತಿ ತಲೆಗಿಟ್ಟಳು. ಓಡಲಿಲ್ಲ. ಹಗ್ಗ ಸಡಿಲ ಬಿಟ್ಟು, ಹಸುವಿನ ನಡಿಗೆಗೆ ತನ್ನ ನಡಿಗೆ ಕೂಡಿಸಿ ದಾಟಿ ಬಂದಳು. ಈಚೆಯ ಮಣ್ಣು ಮೆಟ್ಟಿದ ಮೇಲೆ ತಿರುಗಿ, ಕವಲಿನ ಕಡೆ ಒಂದು ಕೈ ಎತ್ತಿದಳು. ದಂಡ ಎದ್ದಿತು.

ದೇವ ಮನೆಗೆ ಬಂದಾಗ ರಕ್ಷಿತಾ ನಿದ್ದೆ ಹೋಗಿದ್ದಳು. ಅವನು ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು, ನೀಲಿ ಅಂಗಿ ಬಿಚ್ಚಿ ಗಳಕ್ಕೆ ಹಾಕಿದ.

"ಸಾಹೇಬ್ರು ಎಂತ ಹೇಳಿದ್ರು?" ಎಂದು ಕೇಳಿದಳು ಉಮಾ.

"ಬೆಂಕಿ ಬಿತ್ತಾ, ಲಾರಿ ಮಗುಚ್ತಾ ಅಂತ ಕೇಳಿದ್ರು. ಎರಡೂ ಇಲ್ಲ ಅಂದೆ. ನಾಳೆ ದೊಡ್ಡವರ ಹತ್ರ ಮಾತಾಡ್ಬೇಕಂತೆ."

"ಕೆಲಸ?"

"ಇದ್ರೆ ಇರ್ತದೆ." ಅವನು ತಾಯಿಯತ್ತ ನೋಡಲಿಲ್ಲ. ತಾಯಿಯೂ ನೋಡಲಿಲ್ಲ. ಅವನ ತಟ್ಟೆಗೆ ಗಂಜಿ ಬಡಿಸಿ, ದೊಡ್ಡ ಮೀನಿನ ತುಂಡನ್ನು ಹುಡುಕಿ ಹಾಕಿದಳು.

ಊಟವಾದ ಮೇಲೆ ಉಮಾ ಬುಟ್ಟಿಯನ್ನು ಒಳಗಿಡಲು ಎತ್ತಿದಳು. ಹಗುರವಾಗಿತ್ತು. ತಳದಲ್ಲಿ ಏನೋ ಸರಿದಾಡಿದ ಸದ್ದು ಕೇಳಿ ದೀಪದ ಹತ್ತಿರ ಹಿಡಿದು ನೋಡಿದಳು.

ಒಂದು ಹಿಡಿ ಭತ್ತವಿತ್ತು.

ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೊಸ ಭತ್ತ ತುಂಬಿಟ್ಟ ಪಣತದ ಬಾಯಿ ತೆರೆದು ಒಳಗೆ ಹಾಕಿದಳು.